ವಾಷಿಂಗ್ ಮೆಷಿನ್ ಕೆಳಮೂಲೆಗೆ ತುಕ್ಕು: ರೆಡ್ ಆಕ್ಸೈಡ್ ಹೊಡೆದರೆ ನಿಲ್ಲುತ್ತದಾ?

ವಿಜಯನಗರ_ಯುಟಿಲಿಟಿ

ಟಾಪ್ ಲೋಡ್, ಫುಲ್ಲಿ ಆಟೊಮ್ಯಾಟಿಕ್, ಆರೂವರೆ ಕೆಜಿ, ಏಳು ವರ್ಷ ಹಳೆಯದು. ಮೋಟರು, ಬೋರ್ಡು ಚೆನ್ನಾಗಿವೆ. ಎರಡನೇ ಮಹಡಿಯ ಯುಟಿಲಿಟಿಯಲ್ಲಿದೆ. ಗ್ರಿಲ್ ಇರುವುದು ಪಶ್ಚಿಮಕ್ಕೆ, ಜೂನ್ ಬಂತೆಂದರೆ ಎರಚಲು ಸೀದಾ ಮೆಷಿನ್ನಿನ ಬೆನ್ನಿಗೇ ಬಡಿಯುತ್ತದೆ. ಹಿಂದಿನ ಎಡಮೂಲೆಯಲ್ಲಿ ತಳದಿಂದ ಒಂದು ಗೇಣು ಬಣ್ಣ ಗುಳ್ಳೆ ಎದ್ದಿದೆ. ಉಗುರಲ್ಲಿ ಕೆರೆದರೆ ಸಿಪ್ಪೆಯಾಗಿ ಬರುತ್ತದೆ, ಒಳಗೆ ಕಂದು ಪುಡಿ. ಒಂದು ಕಡೆ ಎಂಟಾಣೆ ಅಗಲದ ತೂತು. ಅದೇ ಮೂಲೆಯ ಕಾಲು ತಿರುಗಿಸಿದರೆ ತಿರುಗುವುದಿಲ್ಲ.

ಪೇಂಟರ್ ಹೇಳೋದು: "ಉಜ್ಜಿ ಒಂದು ಕೋಟ್ ರೆಡ್ ಆಕ್ಸೈಡ್, ಮೇಲೆ ಬಿಳಿ ಎನಾಮೆಲ್, ತೂತಿಗೆ ಎಂ-ಸೀಲ್, ಮುಗೀತು." ಇದು ನಿಲ್ಲುತ್ತದಾ? ಬಿಳಿ ಬಟ್ಟೆ ಮೇಲೆ ಆಗಾಗ ಕಂದು ಚುಕ್ಕೆ ಬೀಳುತ್ತಿದೆ, ಅದೂ ಈ ತುಕ್ಕಿನದೇ ಏನು? ಮಳೆ ನಿಲ್ಲೋ ತನಕ ಕಾಯಬೇಕಾ?

ತಗಡು_ತಿರುಪು

ಬಣ್ಣದ ಮಾತಿಗೆ ಮುಂಚೆ ಒಂದು ವಿಷಯ ನೋಡಿಕೊಳ್ಳಿ. ಟಾಪ್ ಲೋಡ್‌ನಲ್ಲಿ ಟಬ್ಬು ತಳದ ಮೇಲೆ ಕೂತಿರುವುದಿಲ್ಲ. ಬಾಡಿಯ ಮೇಲಿನ ನಾಲ್ಕು ಮೂಲೆಗಳಿಂದ ನಾಲ್ಕು ಸಸ್ಪೆನ್ಶನ್ ರಾಡ್‌ಗಳಲ್ಲಿ ನೇತಾಡುತ್ತಿರುತ್ತದೆ. ನೀರು, ಬಟ್ಟೆ, ಮೋಟರು ಎಲ್ಲದರ ಭಾರವೂ ಆ ತೆಳ್ಳನೆಯ ತಗಡಿನ ಮೂಲೆಗಳ ಮೂಲಕವೇ ಕಾಲಿಗಿಳಿಯುತ್ತದೆ. ಆದ್ದರಿಂದ ಕೆಳಮೂಲೆಯ ತುಕ್ಕು ಬರೀ ನೋಟದ ಪ್ರಶ್ನೆಯಲ್ಲ. ದಪ್ಪ ಸ್ಕ್ರೂಡ್ರೈವರ್ ತುದಿಯಿಂದ ಮೂಲೆಯ ಮಡಿಕೆಯನ್ನು, ಅಂದರೆ ಕಾಲು ಕೂರುವ ಪಟ್ಟಿಯನ್ನು, ಗಟ್ಟಿಯಾಗಿ ಒತ್ತಿ ನೋಡಿ. ಠಣ್ ಅಂದರೆ ರಿಪೇರಿ ಮಾಡಬಹುದು. ತುದಿ ಒಳಗೆ ಹೋದರೆ, ಇಲ್ಲವೇ ಕಾಲಿನ ಸುತ್ತ ಪಟ್ಟಿ ಪದರ ಪದರವಾಗಿ ಬಿಟ್ಟುಕೊಂಡಿದ್ದರೆ, ಬಣ್ಣಕ್ಕೆ ಖರ್ಚು ಮಾಡಬೇಡಿ. ಸ್ಪಿನ್ ಆಗುವಾಗ ಆ ಮೂಲೆ ಕುಸಿಯುತ್ತದೆ. ಕ್ಯಾಬಿನೆಟ್ ಬಿಡಿಯಾಗಿ ಸಿಗುತ್ತದಾ ಎಂದು ಸರ್ವಿಸ್‌ನವರನ್ನು ಕೇಳಿ.

ಪಟ್ಟಿ ಗಟ್ಟಿಯಿದೆ, ತೂತು ಪಕ್ಕದ ತಗಡಿನಲ್ಲಿ ಮಾತ್ರ ಇದೆ ಅಂದುಕೊಂಡು ಮುಂದಿನದು ಬರೆಯುತ್ತೇನೆ.

ಪ್ಲಗ್ ಕಿತ್ತಿಡಿ, ಸ್ವಿಚ್ ಆಫ್ ಮಾಡಿದರಷ್ಟೇ ಸಾಲದು. ನಲ್ಲಿ ಮುಚ್ಚಿ ಇನ್ಲೆಟ್ ಪೈಪು ಬಿಚ್ಚಿ, ಡ್ರೈನ್ ಪೈಪನ್ನು ನೆಲಕ್ಕಿಳಿಸಿ ಒಳಗುಳಿದ ನೀರು ಹೊರಗೆ ಬಿಡಿ. ಹಿಂಬದಿ ತಳ ಕೈಗೆ ಸಿಗಬೇಕಲ್ಲ, ಅದಕ್ಕೆ ಇಬ್ಬರು ಸೇರಿ ಮೆಷಿನ್ನಿನ ಮುಖವನ್ನು ಗೋಡೆಗೆ ಒರಗಿಸಿ. ನಡುವೆ ಹಳೇ ಕಂಬಳಿ ಇರಲಿ, ಎತ್ತಿದ ಹಿಂಬದಿಯ ಕೆಳಗೆ ಮರದ ತುಂಡು ಕೊಡಿ, ಮರ ಕೊಡದೆ ಕೆಳಗೆ ಕೈ ಹಾಕಬೇಡಿ. ಪೂರ್ತಿ ಮಲಗಿಸಿದರೆ ಟಬ್ಬು ಒಂದು ಪಕ್ಕಕ್ಕೆ ವಾಲಿ ರಾಡುಗಳು ಜಾಗ ಬಿಡುವುದುಂಟು.

ಮೊದಲು ಕಾಲು. ಬಣ್ಣ ಆದಮೇಲೆ ಎಣ್ಣೆ ಬಿಟ್ಟರೆ ಬಣ್ಣದ ಅಂಚಿಗೆ ಎಣ್ಣೆ ಇಳಿದು ಕೆಲಸ ಕೆಡುತ್ತದೆ, ಅದಕ್ಕೇ ಈ ಕ್ರಮ. ತಿರುಪಿನ ಹಲ್ಲಿಗೆ ಡಬ್ಲ್ಯುಡಿ-40 ಅಥವಾ ಬೇರೆ ಯಾವುದಾದರೂ ಪೆನಿಟ್ರೇಟಿಂಗ್ ಆಯಿಲ್ ಬಿಟ್ಟು ಒಂದು ರಾತ್ರಿ ಇಡಿ. ಬೆಳಿಗ್ಗೆ ಲಾಕ್‌ನಟ್ ಮೊದಲು ಸಡಿಲಿಸಿ, ಆಮೇಲೆ ಕಾಲನ್ನು ಒಂದೇ ದಿಕ್ಕಿಗೆ ಜಗ್ಗದೆ ಕಾಲು ಸುತ್ತು ಆಚೆ, ಕಾಲು ಸುತ್ತು ಈಚೆ ಆಡಿಸಿ. ಉದ್ದನೆಯ ಪಾನಾ ಹಾಕಿ ಬಲ ಬಿಟ್ಟರೆ ತಿರುಪಿನ ಬದಲು ಪಟ್ಟಿಯಲ್ಲಿರುವ ನಟ್ಟೇ ಕಿತ್ತು ಬರುತ್ತದೆ, ಆಗ ಕೆಲಸ ಎರಡರಷ್ಟು.

ಆಮೇಲೆ ಇಡೀ ಮೂಲೆಯನ್ನು ಪಾತ್ರೆ ಸೋಪಿನ ನೀರಲ್ಲಿ ತೊಳೆದು ಒಣಗಿಸಿ. ಬಟ್ಟೆ ಸೋಪಿನ ಪುಡಿ ಮಡಿಕೆಯೊಳಗೆ ಹೆಪ್ಪುಗಟ್ಟಿ ಕೂತಿರುತ್ತದೆ, ಅದರಲ್ಲಿನ ಉಪ್ಪು ತೇವ ಹೀರಿಕೊಂಡೇ ಇರುತ್ತದೆ. ಇದನ್ನು ತೆಗೆಯದೆ ಉಜ್ಜಿದರೆ ಅದನ್ನೇ ತಗಡಿಗೆ ತಿಕ್ಕಿದ ಹಾಗೆ. ಗುಳ್ಳೆ ಎದ್ದ ಬಣ್ಣವನ್ನೆಲ್ಲ ಕೆರೆಯಿರಿ. ಬಣ್ಣ ಗಟ್ಟಿಯಾಗಿ ಹಿಡಿದಿದೆ ಅನ್ನಿಸಿದ ಮೇಲೂ ಎರಡು ಸೆಂಟಿಮೀಟರ್ ಮುಂದಕ್ಕೆ ಹೋಗಿ, ಏಕೆಂದರೆ ತುಕ್ಕು ಬಣ್ಣದಡಿ ಕಾಣದ ಹಾಗೆ ಹರಿದಿರುತ್ತದೆ. ಕೈಯ ವೈರ್ ಬ್ರಶ್ಶೇ ಸಾಕು. ಡ್ರಿಲ್ಲಿಗೆ ಹಾಕುವ ಕಪ್ ಬ್ರಶ್ ಬೇಗ ಕೆಲಸ ಮಾಡುತ್ತದೆ, ನಿಜ, ಆದರೆ ತಗಡಿನ ಮೇಲೆ ತುಕ್ಕಿನ ಪಕ್ಕ ಇನ್ನೂ ಉಳಿದಿರುವ ಸತುವಿನ ಲೇಪವನ್ನೂ ಕೆತ್ತಿಹಾಕುತ್ತದೆ. ತುಕ್ಕಿನ ಮೇಲೆ 80 ನಂಬರ್ ಉಪ್ಪು ಕಾಗದ, ನಂತರ 120. ಹಳೆ ಬಣ್ಣದ ಅಂಚಿಗೆ 220 ಹಾಕಿ, ಬೆರಳಾಡಿಸಿದರೆ ಮೆಟ್ಟಿಲು ತಾಗದ ಹಾಗೆ ಇಳಿಜಾರು ಮಾಡಿ. ಮಾಸ್ಕ್, ಕನ್ನಡಕ ಬೇಕೇ ಬೇಕು.

ಉಜ್ಜಿದ ಮೇಲೂ ಕುಳಿಗಳಲ್ಲಿ ಕಪ್ಪು-ಕಂದು ಚುಕ್ಕೆ ಉಳಿಯುತ್ತದೆ, ಪೂರ್ತಿ ಹೋಗುವುದಿಲ್ಲ. ರಸ್ಟ್ ಕನ್ವರ್ಟರ್ ಇರುವುದು ಅದಕ್ಕೇ. ಅದರಲ್ಲಿನ ಟ್ಯಾನಿಕ್ ಅಥವಾ ಫಾಸ್ಫಾರಿಕ್ ಆಮ್ಲ ತುಕ್ಕಿನ ಜೊತೆ ಸೇರಿ ನೀರಲ್ಲಿ ಕರಗದ ಕಪ್ಪು ಪದರವಾಗುತ್ತದೆ. ಸಣ್ಣ ಬ್ರಶ್ಶಿನಲ್ಲಿ ತುಕ್ಕಿನ ಚುಕ್ಕೆಗಳ ಮೇಲೆ ಮಾತ್ರ, ತೆಳ್ಳಗೆ. ಬೂದು ಬಣ್ಣದ ಸತುವಿನ ಮೇಲೆ ಬೇಡ, ಆಮ್ಲ ಅದನ್ನೇ ತಿನ್ನುತ್ತದೆ. ಬಾಟಲಿಯಿಂದ ಬೇರೆ ಬಟ್ಟಲಿಗೆ ಸ್ವಲ್ಪ ಬಗ್ಗಿಸಿಕೊಂಡು ಹಚ್ಚಿ. ತುಕ್ಕು ತಾಗಿದ ಬ್ರಶ್ಶನ್ನು ಬಾಟಲಿಗೇ ಅದ್ದಿದರೆ ಉಳಿದದ್ದೂ ಕೆಟ್ಟು ಗಟ್ಟಿಯಾಗುತ್ತದೆ. ಅರ್ಧ ಗಂಟೆಯೊಳಗೆ ಕಪ್ಪಾಗಬೇಕು. ಕಪ್ಪಾಗದಿದ್ದರೆ ಅಲ್ಲಿ ತುಕ್ಕಿಲ್ಲ, ಇಲ್ಲವೇ ಎಣ್ಣೆಯಿದೆ. ಎರಡನೇ ಕೈ ಹಚ್ಚಿ ಒಂದು ದಿನ ಬಿಡಿ. ಹಾಲಿನ ಹಾಗೆ ಬೆಳ್ಳಗಿರುವ ಟ್ಯಾನಿಕ್ ಜಾತಿಯದಾದರೆ ಹಾಗೇ ಬಿಡಬಹುದು. ನೀರಿನಂಥ ಬರೀ ಫಾಸ್ಫಾರಿಕ್ ಆಮ್ಲವಾದರೆ ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಲೇಬೇಕು, ಉಳಿದ ಆಮ್ಲದ ಮೇಲೆ ಪ್ರೈಮರ್ ಹಿಡಿಯುವುದಿಲ್ಲ.

ಟಾಯ್ಲೆಟ್ ಕ್ಲೀನರ್ ಸುರಿದು ತುಕ್ಕು ತೆಗೆಯಿರಿ ಅಂತ ಯಾರಾದರೂ ಹೇಳುತ್ತಾರೆ. ತೆಗೆಯುತ್ತದೆ, ಕಣ್ಣೆದುರೇ ಬೆಳ್ಳಗಾಗುತ್ತದೆ. ಅದರಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ. ಮಡಿಕೆಯೊಳಗೆ ಉಳಿದ ಕ್ಲೋರೈಡ್ ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ, ಸಂಜೆಯೊಳಗೆ ಹೊಸ ಕೇಸರಿ ತುಕ್ಕು ಬರುತ್ತದೆ. ಅದರ ಹೊಗೆ ಪಕ್ಕದ ವೈರ್ ಕನೆಕ್ಟರ್‌ಗಳನ್ನೂ ಹಾಳುಮಾಡುತ್ತದೆ.

ಬಣ್ಣದಂಗಡಿ

ರೆಡ್ ಆಕ್ಸೈಡ್ ವಿಚಾರ ನಾನು ಹೇಳ್ತೀನಿ. ಗೇಟು, ಕಿಟಕಿ ಸರಳು, ಕಬ್ಬಿಣದ ಸ್ಟ್ಯಾಂಡು ಇಂಥ ಬರೀ ಕಬ್ಬಿಣಕ್ಕೆ ಅದು ಒಳ್ಳೇದೇ. ಆದರೆ ವಾಷಿಂಗ್ ಮೆಷಿನ್ ಬಾಡಿ ಸಾಮಾನ್ಯವಾಗಿ ಸತು ಲೇಪಿಸಿದ ತಗಡು. ಅಂಗಡೀಲಿ ಸಿಗೋ ಸಾಮಾನ್ಯ ರೆಡ್ ಆಕ್ಸೈಡ್ ಮತ್ತೆ ಎನಾಮೆಲ್ ಎರಡೂ ಎಣ್ಣೆ ಆಧಾರದ ಆಲ್ಕಿಡ್ ಬಣ್ಣ. ತೇವ ಸಿಕ್ಕಿದಾಗ ಸತುವಿನ ಮೇಲೆ ಕ್ಷಾರ ಹುಟ್ಟುತ್ತೆ, ಅದು ಬಣ್ಣದ ಎಣ್ಣೆ ಜೊತೆ ಸೇರಿ ಸೋಪಾಗುತ್ತೆ. ಬಣ್ಣಕ್ಕೂ ತಗಡಿಗೂ ನಡುವೆ ಸೋಪಿನ ಪದರ ಅಂದ್ರೆ ಇನ್ನೇನು ನಿಲ್ಲುತ್ತೆ? ಮೊದಲ ತಿಂಗಳು ಗಾಜಿನ ಹಾಗೆ ಹೊಳೆಯುತ್ತೆ, ಮುಂದಿನ ಮಳೆಗಾಲಕ್ಕೆ ಹಾಳೆ ಹಾಳೆಯಾಗಿ ಸುಲಿದು ಬರುತ್ತೆ. ಪೇಂಟರ್ ಕೆಲಸ ಕೆಟ್ಟದ್ದು ಅಂತಲ್ಲ, ಸಾಮಾನು ಈ ತಗಡಿಗಲ್ಲ.

ನಿಮ್ಮದು ಸತುವಿನ ತಗಡಾ ಅಂತ ಗೊತ್ತಾಗಬೇಕಾ? ಉಜ್ಜಿದ ಜಾಗದಲ್ಲಿ ಹೊಳಪಿರೋ ಕಡೆ ಉಪ್ಪು ನೀರಿನ ಒಂದು ಹನಿ ಬಿಟ್ಟು ರಾತ್ರಿ ಇಡಿ. ಬೆಳಿಗ್ಗೆ ಕಂದಾಗಿದ್ರೆ ಬರೀ ಕಬ್ಬಿಣ. ಬೂದಾಗೇ ಇದ್ರೆ, ಇಲ್ಲಾ ಬಿಳಿ ಪುಡಿ ಬಂದಿದ್ರೆ ಸತು. ಪರೀಕ್ಷೆ ಆದ್ಮೇಲೆ ಆ ಉಪ್ಪನ್ನ ಚೆನ್ನಾಗಿ ತೊಳೀರಿ. ಮ್ಯಾಗ್ನೆಟ್ ಇಟ್ಟು ನೋಡೋದ್ರಿಂದ ಏನೂ ತಿಳಿಯಲ್ಲ, ಎರಡಕ್ಕೂ ಅಂಟುತ್ತೆ.

ಬೇಕಾಗಿರೋದು ಎರಡು ಡಬ್ಬಿಯ (ಒಂದರಲ್ಲಿ ಬಣ್ಣ, ಇನ್ನೊಂದರಲ್ಲಿ ಗಟ್ಟಿ ಮಾಡೋ ಹಾರ್ಡ್‌ನರ್, ಬೆರೆಸಿ ಹಚ್ಚೋದು) ಎಪಾಕ್ಸಿ ಪ್ರೈಮರ್, ಝಿಂಕ್ ಫಾಸ್ಫೇಟ್ ಇರೋದು. ಇದು ಸತುವಿಗೂ ಹಿಡಿಯುತ್ತೆ, ಕಬ್ಬಿಣಕ್ಕೂ ಹಿಡಿಯುತ್ತೆ, ಹಳೆ ಬಣ್ಣದ ಅಂಚಿಗೂ ಹಿಡಿಯುತ್ತೆ. ಬೆಂಗಳೂರಿನ ಜೆ.ಸಿ. ರಸ್ತೆ ಕಡೆ ಕಾರ್ ಪೇಂಟ್ ಅಂಗಡಿಗಳಲ್ಲಿ ಕೇಳಿ, ಚಿಕ್ಕ ಪ್ಯಾಕ್ ಇದೆಯಾ ಅಂತ. ನಿಮಗೆ ಬೇಕಾಗೋದು ತುಂಬಾ ಕಡಿಮೆ. ಒಂದು ಲೀಟರ್ ಸುಮಾರು ಎಂಟು-ಹತ್ತು ಚದರ ಮೀಟರ್‌ಗೆ ಬರುತ್ತೆ. ನಿಮ್ಮ ಜಾಗ ಮೂವತ್ತು ಸೆಂಟಿಮೀಟರ್ ಉದ್ದ, ಅಷ್ಟೇ ಅಗಲ ಅಂದ್ಕೊಂಡ್ರೂ ಒಂದು ಕೋಟ್‌ಗೆ ಹತ್ತು-ಹದಿನೈದು ಎಂಎಲ್. ಮಡಿಕೆ ಒಳಭಾಗ, ಬ್ರಶ್ಶಲ್ಲಿ ಉಳಿಯೋದು ಸೇರಿ ಎರಡು ಕೋಟ್‌ಗೆ ಐವತ್ತು ಎಂಎಲ್ ಧಾರಾಳ. ಅಳತೆ ಡಬ್ಬಿ ಮೇಲೆ ಬರೆದಿರೋ ಹಾಗೇ ಇರಬೇಕು, ಒಂದೊಂದು ಕಂಪನೀದು ಒಂದೊಂದು ಥರ. ಮೆಡಿಕಲ್ ಶಾಪ್ ಸಿರಿಂಜಲ್ಲಿ ಅಳೀರಿ. ಬೇಗ ಒಣಗಲಿ ಅಂತ ಹಾರ್ಡ್‌ನರ್ ಜಾಸ್ತಿ ಹಾಕಬೇಡಿ. ಎಪಾಕ್ಸಿ ಹಾಗೆ ಕೆಲಸ ಮಾಡಲ್ಲ, ಹೆಚ್ಚಾದ ಹಾರ್ಡ್‌ನರ್ ಅಂಟಂಟಾಗೇ ಉಳಿಯುತ್ತೆ.

ಮೇಲಿನ ಬಣ್ಣಕ್ಕೆ ಎನಾಮೆಲ್ ಹಚ್ಚಬಹುದು, ಈಗ ಅದು ಸತುವಿಗೆ ತಾಗಲ್ಲ. ಕಾರಿಗೆ ಹೊಡೆಯೋ ಪಿಯು (ಪಾಲಿಯುರೆಥೇನ್) ಬಣ್ಣ ಆದ್ರೆ ಇನ್ನೂ ಗಟ್ಟಿ, ಸೋಪಿನ ನೀರಿಗೆ ಜಗ್ಗಲ್ಲ. ಆದ್ರೆ ಪಿಯು ಹಾರ್ಡ್‌ನರ್ ಸ್ಪ್ರೇ ಮಾಡಿದಾಗ ಉಸಿರಿಗೆ ಅಪಾಯ, ಮನೇಲಿ ಬ್ರಶ್ಶಲ್ಲೇ ಹಚ್ಚಿ. ಸ್ಪ್ರೇ ಡಬ್ಬಿ ತಗೊಂಡ್ರೆ ಗೋಲಿ ಸದ್ದು ಶುರುವಾದ್ಮೇಲೆ ಎರಡು ನಿಮಿಷ ಕುಲುಕಿ. ಇಪ್ಪತ್ತು-ಇಪ್ಪತ್ತೈದು ಸೆಂಟಿಮೀಟರ್ ದೂರ. ಒತ್ತೋದು ಜಾಗದ ಹೊರಗೆ ಶುರುಮಾಡಿ ಹೊರಗೇ ಬಿಡಿ. ಮೂರು ತೆಳು ಕೋಟು, ನಡುವೆ ಹತ್ತು-ಹದಿನೈದು ನಿಮಿಷ. ಒಂದೇ ದಪ್ಪ ಕೋಟು ಹೊಡೆದ್ರೆ ಇಳಿದುಹೋಗುತ್ತೆ. ಎನಾಮೆಲ್ ಪೂರ್ತಿ ಗಟ್ಟಿಯಾಗೋ ಮುಂಚೆ ಅದರ ಮೇಲೆ ಸ್ಪ್ರೇ ಹೊಡೀಬೇಡಿ, ಥಿನ್ನರ್ ಕೆಳಗಿನ ಬಣ್ಣವನ್ನ ಉಬ್ಬಿಸಿ ಹಪ್ಪಳದ ಥರ ಮಾಡುತ್ತೆ.

ಬಿಳಿ ಅಂದ್ರೆ ಒಂದೇ ಬಿಳಿ ಅಲ್ಲ. ಏಳು ವರ್ಷದ ಮೆಷಿನ್ ಬಿಳಿ ಈಗ ಸ್ವಲ್ಪ ಹಳದಿಗೆ ತಿರುಗಿರುತ್ತೆ. ಉದುರಿದ ಬಣ್ಣದ ಒಂದು ದೊಡ್ಡ ಸಿಪ್ಪೆ ಜೋಪಾನವಾಗಿ ತಗೊಂಡು ಅಂಗಡಿಗೆ ಹೋಗಿ, ಹೊರ ಮುಖವನ್ನ ಬಿಸಿಲಲ್ಲಿ ಹಿಡಿದು ಹೋಲಿಸಿ. ಟ್ಯೂಬ್‌ಲೈಟ್ ಕೆಳಗೆ ಎಲ್ಲಾ ಬಿಳೀನೂ ಒಂದೇ ಕಾಣುತ್ತೆ.

ಮಳೆ: ಕಾಯಲೇಬೇಕು ಅಂತೇನಿಲ್ಲ, ಬೆಂಗಳೂರಲ್ಲಿ ಆಗಸ್ಟಲ್ಲೂ ನಡುನಡುವೆ ಬಿಸಿಲು ಬರುತ್ತೆ. ಸುರಿಯದೇ ಇರೋ ದಿನ ಬೆಳಿಗ್ಗೆ ಹನ್ನೊಂದರಿಂದ ಮೂರರೊಳಗೆ ಕೋಟ್ ಮುಗಿಸಿ. ಗಾಳೀಲಿ ತೇವ 85 ಶೇಕಡಾ ದಾಟಿದ್ರೆ ಬೇಡ. ತಗಡು ಮುಟ್ಟಿದ್ರೆ ತಣ್ಣಗೆ ಒದ್ದೆ ಅನ್ನಿಸಿದ್ರೂ ಬೇಡ, ಕಣ್ಣಿಗೆ ಕಾಣದ ನೀರು ಪ್ರೈಮರ್ ಅಡೀಲಿ ಸಿಕ್ಕಿಹಾಕ್ಕೊಳ್ಳುತ್ತೆ. ಹೇರ್ ಡ್ರೈಯರಲ್ಲಿ ಮಡಿಕೆಯನ್ನ ಐದು ನಿಮಿಷ ಬಿಸಿ ಮಾಡಿ, ಆರಿದ್ಮೇಲೆ ಹಚ್ಚಿ.

ಬೋರ್_ನೀರು

ಬಟ್ಟೆಯ ಮೇಲಿನ ಚುಕ್ಕೆ ಬೇರೆ ಕಥೆ. ಹೊರ ಬಾಡಿಯ ತುಕ್ಕು ಡ್ರಮ್ಮಿನೊಳಗಿನ ನೀರಿಗೆ ಸೇರುವ ದಾರಿಯೇ ಇಲ್ಲ. ಬಟ್ಟೆ ಇರುವುದು ಸ್ಟೀಲ್ ಡ್ರಮ್ಮಿನಲ್ಲಿ, ಅದರ ಹೊರಗೆ ಪ್ಲಾಸ್ಟಿಕ್ ಟಬ್ಬು, ಅದರಾಚೆಗೆ ನೀವು ಹೇಳುವ ತಗಡು.

ಮನೆಗೆ ಬೋರ್ ನೀರು ಬರುತ್ತಿದ್ದರೆ ಮೊದಲು ಅದನ್ನೇ ಅನುಮಾನಿಸಿ. ಬಿಳಿ ಬಕೆಟ್ಟಿನಲ್ಲಿ ಹಿಡಿದಿಟ್ಟು ಮರುದಿನ ನೋಡಿ. ಹಿಡಿದಾಗ ತಿಳಿಯಾಗಿದ್ದ ನೀರಿನ ತಳದಲ್ಲಿ ಕಂದು ಗಸಿ ಕೂತಿದ್ದರೆ ಅದು ಕರಗಿದ್ದ ಕಬ್ಬಿಣ, ಗಾಳಿ ತಾಗಿ ಹೊರಬಿದ್ದಿದೆ. ಕಾವೇರಿ ನೀರೇ ಆಗಿದ್ದರೂ ಹಳೇ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪುಗಳ ಮನೆಯಾದರೆ ಬೆಳಗಿನ ಮೊದಲ ನೀರಲ್ಲಿ ತುಕ್ಕು ಬರುತ್ತದೆ. ಇನ್ಲೆಟ್ ಪೈಪ್ ಬಿಚ್ಚುತ್ತೀರಲ್ಲ, ಆಗ ವಾಲ್ವಿನ ಬಾಯಲ್ಲಿರುವ ಸಣ್ಣ ಜಾಲರಿಯನ್ನು ಇಕ್ಕಳದಿಂದ ಮೆಲ್ಲಗೆ ಎಳೆದು ನೋಡಿ. ಕಂದು ಮರಳು ಕಂಡರೆ ಉತ್ತರ ಸಿಕ್ಕಿತು.

ನೀರು ಸರಿಯಿದ್ದರೆ ಎರಡನೇ ಅನುಮಾನ ಹೇರ್‌ಪಿನ್, ಸೇಫ್ಟಿ ಪಿನ್ ಮೇಲೆ. ಡ್ರಮ್ಮಿನ ತೂತಿಗೆ ಸಿಕ್ಕಿಕೊಂಡ ಒಂದು ಪಿನ್ನು ತಿಂಗಳುಗಟ್ಟಲೆ ಚುಕ್ಕೆ ಹಾಕುತ್ತಲೇ ಇರುತ್ತದೆ. ತಳದಲ್ಲಿ ತಿರುಗುವ ಪಲ್ಸೇಟರ್‌ಗೆ ನಡುವೆ ಒಂದೇ ಸ್ಕ್ರೂ. ಬಿಚ್ಚಿ ಎತ್ತಿದರೆ ಅದರಡಿಯ ಸಂಗ್ರಹಾಲಯ ನೋಡಬಹುದು.

ಚುಕ್ಕೆ ಬಿದ್ದ ಬಟ್ಟೆಗೆ ಬ್ಲೀಚ್ ಹಾಕಬೇಡಿ. ಕ್ಲೋರಿನ್ ಬ್ಲೀಚ್ ಕಬ್ಬಿಣದ ಕಲೆಯನ್ನು ತೆಗೆಯುವುದಿಲ್ಲ, ಇನ್ನೂ ಗಟ್ಟಿ ಮಾಡುತ್ತದೆ. ಡ್ರಮ್ಮಿನ ಸ್ಟೀಲಿಗೂ ಅದು ಒಳ್ಳೆಯದಲ್ಲ, ಹೆಚ್ಚು ಹೊತ್ತು ನಿಂತರೆ ಸೂಜಿಮೊನೆಯಂಥ ಕುಳಿ ಬೀಳುತ್ತದೆ. ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ, ಒಂದು ಚಮಚ ಒಂದು ಲೋಟ ಬಿಸಿನೀರಿಗೆ ಹಾಕಿ ಕಲೆಯ ಮೇಲೆ ಅರ್ಧ ಗಂಟೆ ಬಿಟ್ಟು ತೊಳೆಯಿರಿ. ಬಣ್ಣದ ಬಟ್ಟೆಯಾದರೆ ಒಳಮಡಿಕೆಯಲ್ಲಿ ಮೊದಲು ಪರೀಕ್ಷಿಸಿ. ಮೆಷಿನ್ನಿನೊಳಗೆ ನೂರು ಗ್ರಾಂ ಸಿಟ್ರಿಕ್ ಹಾಕಿ ಬಟ್ಟೆಯಿಲ್ಲದೆ ಒಂದು ಸುತ್ತು ಓಡಿಸಿದರೆ ಗಡಸು ನೀರಿನ ಬಿಳಿ ಪದರವೂ, ಕಂದು ಕಲೆಯೂ ಬಿಡುತ್ತವೆ. ಇದನ್ನು ಬ್ಲೀಚ್ ಜೊತೆ ಯಾವ ಕಾರಣಕ್ಕೂ ಬೆರೆಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಯುಟಿಲಿಟಿಯಲ್ಲಿ ಅದು ತಮಾಷೆಯಲ್ಲ.

ವಿಜಯನಗರ_ಯುಟಿಲಿಟಿ

ಎಲ್ಲರಿಗೂ ಥ್ಯಾಂಕ್ಸ್. ಸ್ಕ್ರೂಡ್ರೈವರ್ ಒತ್ತಿ ನೋಡಿದೆ, ಪಟ್ಟಿ ಗಟ್ಟಿಯಾಗಿದೆ. ಜಾಲರಿಯಲ್ಲಿ ಕಂದು ಮರಳು ಸಿಕ್ಕಿತು, ಬೋರ್ ನೀರೇ ಕಾರಣ ಅನ್ನಿಸುತ್ತದೆ. ತೂತಿಗೆ ಎಂ-ಸೀಲ್ ಬಗ್ಗೆ ಯಾರೂ ಹೇಳಲಿಲ್ಲ. ತಗಡಿಟ್ಟು ವೆಲ್ಡ್ ಮಾಡಿಸಿದರೆ ಹೇಗೆ? ಮತ್ತೆ ಚಕ್ರ ಇರೋ ಸ್ಟ್ಯಾಂಡ್ ತರೋಣ ಅಂತ ಮನೆಯಲ್ಲಿ ಹೇಳುತ್ತಿದ್ದಾರೆ.

ತಗಡು_ತಿರುಪು

ವೆಲ್ಡಿಂಗ್ ಬೇಡವೇ ಬೇಡ. ಈ ತಗಡು ಒಂದು ಮಿಲಿಮೀಟರ್ ಕೂಡ ದಪ್ಪವಿರುವುದಿಲ್ಲ, ತೂತು ಮುಚ್ಚುವ ಬದಲು ದೊಡ್ಡದಾಗುತ್ತದೆ. ಸುತ್ತಲಿನ ಸತು ಸುಟ್ಟು ಆ ಹೊಗೆ ಉಸಿರಿಗೆ ಹೋಗುತ್ತದೆ, ಒಳಗಿನ ವೈರು, ಪ್ಲಾಸ್ಟಿಕ್ ಟಬ್ಬಿಗೂ ಬೆಂಕಿಯ ಭಯ.

ಎಂ-ಸೀಲ್ ನೀರು ತಡೆಯುತ್ತದೆ, ಭಾರ ಹೊರುವುದಿಲ್ಲ. ತೂತಿನ ಅಂಚಿನ ಬಣ್ಣ, ತುಕ್ಕು ಪೂರ್ತಿ ತೆಗೆದು 80 ಕಾಗದದಿಂದ ಒರಟು ಮಾಡಿದ್ದರೆ ಮಾತ್ರ ಹಿಡಿಯುತ್ತದೆ, ಇಲ್ಲದಿದ್ದರೆ ಸ್ಪಿನ್ನಿನ ಅದುರಿಗೆ ಅಂಚಲ್ಲಿ ಕೂದಲಿನಂಥ ಬಿರುಕು ಬಿಟ್ಟು ಅಲ್ಲಿಂದ ಮತ್ತೆ ನೀರು ಹೊಗುತ್ತದೆ. ಎಂಟಾಣೆ ತೂತಿಗೆ ಒಳಗಿನಿಂದ ತೇಪೆ ಕೊಡುವುದೇ ಸರಿ. ತಗಡಿನಷ್ಟೇ ದಪ್ಪದ ಜಿಐ ಶೀಟಿನ ತುಂಡು, ತೂತಿನ ಸುತ್ತ ಎರಡೂವರೆ ಸೆಂಟಿಮೀಟರ್ ಜಾಸ್ತಿ ಇರುವ ಹಾಗೆ, ಮೂಲೆಗಳನ್ನು ದುಂಡಗೆ ಕತ್ತರಿಸಿ. ಕತ್ತರಿಸಿದ ಅಂಚಿನಲ್ಲಿ ಸತು ಇರುವುದಿಲ್ಲವಾದ್ದರಿಂದ ತೇಪೆಗೂ ಮೊದಲೇ ಎರಡೂ ಕಡೆ ಪ್ರೈಮರ್ ಹಚ್ಚಿ ಒಣಗಿಸಿ. ಅಲ್ಯೂಮಿನಿಯಂ ಬಳಸಬೇಡಿ. ಎರಡು ಬೇರೆ ಲೋಹ ಒದ್ದೆಯಲ್ಲಿ ತಾಗಿಕೊಂಡಿದ್ದರೆ ಒಂದು ಇನ್ನೊಂದನ್ನು ತಿನ್ನುತ್ತದೆ. ರಿವೆಟ್ಟೂ ಸ್ಟೀಲಿನದೇ ಇರಲಿ.

3.2 ಮಿಮೀ ಪಾಪ್ ರಿವೆಟ್, ತೂತು 3.3 ಮಿಮೀ ಬಿಟ್ಟಿನಿಂದ. ಡ್ರಿಲ್ ಇಡುವ ಮುಂಚೆ ಹಿಂದೆ ವೈರಿನ ಕಟ್ಟು, ಡ್ರೈನ್ ಪೈಪು ಇಲ್ಲವೆಂದು ಟಾರ್ಚ್ ಹಾಕಿ ನೋಡಿ, ಬಿಟ್ಟಿಗೆ ಟೇಪ್ ಸುತ್ತಿ ಒಂದು ಸೆಂಟಿಮೀಟರಿಗೆ ನಿಲ್ಲುವ ಹಾಗೆ ಗುರುತು ಮಾಡಿಕೊಳ್ಳಿ. ತೇಪೆಗೆ ಪಿಯು ಸೀಲೆಂಟ್ ತೆಳ್ಳಗೆ ಹಚ್ಚಿ, ಒತ್ತಿ, ರಿವೆಟ್ ಹೊಡೆಯಿರಿ, ಹೊರಗೆ ಉಕ್ಕಿದ್ದನ್ನು ಒರೆಸಿ. ಸಿಲಿಕಾನ್ ಬೇಡ, ಅದು ತಾಗಿದ ಕಡೆ ಬಣ್ಣ ಹಿಡಿಯುವುದಿಲ್ಲ. ಅದರಲ್ಲೂ ವಿನೆಗರ್ ವಾಸನೆ ಬರುವ ಜಾತಿಯದು ತಗಡನ್ನೇ ತಿನ್ನುತ್ತದೆ. ಹೊರಗೆ ಉಳಿಯುವ ತಗ್ಗನ್ನು ಮಟ್ಟ ಮಾಡಲು ನಿಮ್ಮ ಎಂ-ಸೀಲ್ ಈಗ ಬಳಸಿ. ಮಡಿಕೆಯ ಕೆಳಗೆ ಕಂಪನಿಯವರೇ ಬಿಟ್ಟ ಸಣ್ಣ ತೂತುಗಳಿದ್ದರೆ ಮುಚ್ಚಬೇಡಿ, ಒಳಗೆ ಹೋದ ನೀರು ಹೊರಬರುವುದು ಅಲ್ಲಿಂದಲೇ.

ಆ ಮೂಲೆಯ ಹತ್ತಿರ ಹಸಿರು ಅರ್ತ್ ವೈರಿನ ಸ್ಕ್ರೂ ಇದೆಯಾ ನೋಡಿ. ಇದ್ದರೆ ಅದನ್ನು ಬಿಚ್ಚಿ, ತಗಡನ್ನು ಲೋಹ ಹೊಳೆಯುವ ತನಕ ಉಜ್ಜಿ, ಹಲ್ಲಿನ ವಾಷರ್ ಹಾಕಿ ಬಿಗಿಮಾಡಿದ ಮೇಲೆಯೇ ಅದರ ಮೇಲೆ ಬಣ್ಣ. ಬಣ್ಣ ಹೊಡೆದು ಆಮೇಲೆ ಸ್ಕ್ರೂ ಹಾಕಿದರೆ ಅರ್ತಿಂಗ್ ಇದ್ದೂ ಇಲ್ಲದ ಹಾಗೆ. ಮಲ್ಟಿಮೀಟರ್ ಇದ್ದರೆ ಪ್ಲಗ್ಗಿನ ದಪ್ಪ ಪಿನ್ನಿಗೂ ಬಾಡಿಗೂ ನಡುವೆ ಓಮ್ ಅಳೆಯಿರಿ, ಒಂದಕ್ಕಿಂತ ಕಡಿಮೆ ತೋರಿಸಬೇಕು. ಒದ್ದೆ ಯುಟಿಲಿಟಿಯ ಆ ಪಾಯಿಂಟಿಗೆ 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇಲ್ಲದಿದ್ದರೆ ಹಾಕಿಸಿ.

ಸ್ಟ್ಯಾಂಡ್ ಬಗ್ಗೆ: ಚಕ್ರದ್ದು ಸ್ಪಿನ್ನಿಗೆ ನಡುಗುತ್ತದೆ, ಅದರ ಕೊಳವೆಯೊಳಗೆ ನೀರು ನಿಂತು ಅದೇ ಮೊದಲು ತುಕ್ಕು ಹಿಡಿಯುತ್ತದೆ. ನಾಲ್ಕು ಇಂಚು ಎತ್ತರದ ಕಾಂಕ್ರೀಟ್ ಕಟ್ಟೆ ಮಾಡಿಸಿ ಮೇಲೆ ಗ್ರಾನೈಟ್ ಹಾಕಿಸಿದರೆ ನೆಲ ತೊಳೆದ ನೀರು ತಳ ಮುಟ್ಟುವುದಿಲ್ಲ. ಕಾಲಿನಡಿ ರಬ್ಬರ್ ಪ್ಯಾಡ್ ಸರಿ, ಗೋಣಿಚೀಲ, ಮ್ಯಾಟು ಬೇಡ, ಅವು ನೀರು ಹಿಡಿದಿಡುತ್ತವೆ. ಎರಚಲಿಗೆ ಗ್ರಿಲ್ಲಿನ ಹೊರಗೆ ಪಾಲಿಕಾರ್ಬನೇಟ್ ಶೀಟು ಇಳಿಜಾರಾಗಿ ಹಾಕಿಸಿ. ಮೆಷಿನ್ನಿಗೆ ಪ್ಲಾಸ್ಟಿಕ್ ಕವರ್ ತೊಡಿಸುವುದಾದರೆ ತಳದಲ್ಲಿ ಒಂದು ಗೇಣು ಬಿಡಿ, ಇಲ್ಲದಿದ್ದರೆ ಒಳಗೇ ಬೆವರುತ್ತದೆ.

ಇಕ್ಕಳ

ಒಂದು ಸೇರಿಸ್ತೀನಿ. ಬಣ್ಣ ಒಣಗಿದ ಮೇಲೆ ಮಡಿಕೆಯ ಒಳಭಾಗಕ್ಕೆ ಕ್ಯಾವಿಟಿ ವ್ಯಾಕ್ಸ್ ಸ್ಪ್ರೇ ಹೊಡೆಯಿರಿ. ಕಾರಿನ ಬಾಗಿಲೊಳಗೆ ಹೊಡೆಯುತ್ತಾರಲ್ಲ, ಅದೇ. ಬ್ರಶ್ಶು ತಲುಪದ ಸಂದಿಗೆ ಇದೊಂದೇ ದಾರಿ. ಡಬ್ಲ್ಯುಡಿ-40 ಇದಕ್ಕೆ ಬೇಡ, ಅದರ ಪದರ ತೆಳ್ಳಗೆ, ಬೇಗ ಹೋಗುತ್ತೆ. ಹಳೇ ಎಂಜಿನ್ ಆಯಿಲ್ ಬಳಿಯೋದು ಗ್ಯಾರೇಜಿನ ಅಭ್ಯಾಸ, ಇಲ್ಲಿ ಬೆಲ್ಟು ಮತ್ತೆ ರಬ್ಬರ್ ಪೈಪಿಗೆ ತಾಗಿದ್ರೆ ಉಬ್ಬಿಹೋಗುತ್ತೆ. ಕಾಲಿನ ತಿರುಪಿಗೆ ಗ್ರೀಸ್ ಸವರಿ ಹಾಕಿ, ಮಟ್ಟ ನೋಡಿ ಲಾಕ್‌ನಟ್ಟನ್ನ ಮೇಲಕ್ಕೆ ಬಿಗಿ ಮಾಡಿ. ಕಾಲು ಕುಂಟಿದ್ರೆ ಸ್ಪಿನ್ನಲ್ಲಿ ತಗಡು ತಿರುಚಿಕೊಂಡು ಹೊಸ ಬಣ್ಣ ಮೂಲೇಲೇ ಮೊದಲು ಸೀಳುತ್ತೆ.

ವಿಜಯನಗರ_ಯುಟಿಲಿಟಿ

ಬಣ್ಣ ಆದ ಮರುದಿನವೇ ಬಟ್ಟೆ ಹಾಕಬಹುದಾ? ಮನೆಯಲ್ಲಿ ಮಗು ಇದೆ, ತುಂಬಾ ದಿನ ನಿಲ್ಲಿಸೋದು ಕಷ್ಟ.

ಬಣ್ಣದಂಗಡಿ

ಮುಟ್ಟಿದ್ರೆ ಅಂಟಲ್ಲ ಅನ್ನೋದು ಬೇರೆ, ಗಟ್ಟಿಯಾಗೋದು ಬೇರೆ. ಎಪಾಕ್ಸಿ ಪೂರ್ತಿ ಹದಕ್ಕೆ ಬರೋಕೆ ಸುಮಾರು ಏಳು ದಿನ, ಮೋಡದ ದಿನಗಳಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ತಡೆಯಕ್ಕಾಗಲ್ಲ ಅಂದ್ರೆ ಕೊನೇ ಕೋಟಾಗಿ ಮೂರು ದಿನ ಬಿಟ್ಟು ಚಿಕ್ಕ ಲೋಡ್, ಕಡಿಮೆ ಸ್ಪಿನ್ನಲ್ಲಿ ಓಡಿಸಿ. ಆ ಮೂಲೆಗೆ ಸೋಪಿನ ನೀರು ಹನಿದ್ರೆ ತಕ್ಷಣ ಒರೆಸಿ. ಏಳು ದಿನ ಆಗೋ ತನಕ ಆ ಬಣ್ಣವನ್ನ ಉಜ್ಜಿ ತೊಳೀಬೇಡಿ.